ಶೇ 80ರಷ್ಟು ಶುದ್ಧ! ಯಾವುದರ ಶೇ 80?

‘ಇದು ಶೇ 80ರಷ್ಟು ಮಾಲಿನ್ಯವನ್ನು ತೆಗೆದುಹಾಕುತ್ತೆ ಸಾರ್.’

ಮಳೆನೀರಿನ ಚರಂಡಿ, ರಾಜಕಾಲುವೆ, ಕೆರೆ ಅಭಿವೃದ್ಧಿ ಅಂತ ಯಾವ ವಿಷಯ ಎತ್ತಿಕೊಂಡರೂ ಚರ್ಚೆಗೆ ಬಂದವರಲ್ಲಿ ಒಬ್ಬರು ಈ ಮಾತು ಹೇಳೇ ಹೇಳ್ತಾರೆ. ಯೋಜನಾ ವರದಿಯಲ್ಲೂ ಇದು ಇರುತ್ತೆ, ಕಂಪನಿಯ ಬ್ರೋಷರ್‌ನಲ್ಲೂ ಇರುತ್ತೆ, ಉದ್ಘಾಟನೆಯ ಭಾಷಣದಲ್ಲಂತೂ ಇದ್ದೇ ಇರುತ್ತೆ. ಕೇಳಿದವರು ತಲೆಯಾಡಿಸ್ತಾರೆ. ಎಂಬತ್ತು ಅಂದರೆ ಡಿಸ್ಟಿಂಕ್ಷನ್ ಅಲ್ವಾ? ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತು ಬಂದರೆ ಬೀದಿಗೆಲ್ಲ ಪೇಡಾ ಹಂಚ್ತೀವಿ.

ಆದರೆ ನೀರಿಗೆ ಮಾರ್ಕ್ಸ್ ಕಾರ್ಡ್ ಕೊಡೋದು ಅಷ್ಟು ಸುಲಭ ಅಲ್ಲ. ಯಾವ ಹೊತ್ತಿನಲ್ಲಿ ಹಿಡಿದ ನೀರು? ಒಳಗೆ ಬಂದದ್ದು ಎಷ್ಟು ಕೊಳೆ? ಹೊರಗೆ ಹೋದದ್ದು ಎಷ್ಟು? ಯಂತ್ರಕ್ಕೆ ಸಿಗದೇ ತಪ್ಪಿಸಿಕೊಂಡ ನೀರೆಷ್ಟು? ತೆಗೆದ ಕೊಳೆ ಎಲ್ಲಿಗೆ ಹೋಯಿತು? ಈ ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ದರೆ ಆ ಎಂಬತ್ತು ಬರೀ ಒಂದು ಸಂಖ್ಯೆ.

ನಾನು ಓದಿದ್ದು ಎಂಜಿನಿಯರಿಂಗ್. ನನ್ನ ಊರಿನ ಕಡೆ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ. ಹೆಸರು ಬಿಡಿಸಿ ನೋಡಿ, ದೊಡ್ಡ ಏರಿ. ಹೆಸರಲ್ಲೇ ಕೆರೆ ಕಟ್ಟಿಕೊಂಡ ಸೀಮೆ ನಮ್ಮದು. ಅಲ್ಲಿ ಮಳೆ ಕಡಿಮೆ, ನದಿ ಅಂದರೆ ವರ್ಷದ ಬಹುಪಾಲು ಮರಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ಜೀವ ನಿಂತಿರೋದು ಕೆರೆ ಮತ್ತು ಬೋರ್‌ವೆಲ್ ಮೇಲೆ. ಕೆರೆಗೆ ಬಂದ ನೀರು ಇಂಗುತ್ತೆ, ಇಂಗಿದ ನೀರೇ ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತೆ. ಹಾಗಾಗಿ ಪಟ್ಟಣದ ಚರಂಡಿ ಯಾವ ಹಳ್ಳಕ್ಕೆ ಸೇರುತ್ತೆ, ಆ ಹಳ್ಳ ಯಾವ ಕೆರೆಗೆ ಸೇರುತ್ತೆ ಅನ್ನೋದು ನಮಗೆ ಪುರಸಭೆಯ ವಿಷಯ ಮಾತ್ರ ಅಲ್ಲ. ಕುಡಿಯೋ ನೀರಿನ ವಿಷಯ.

ಬೆಂಗಳೂರಿನ ಕಥೆ ಎಲ್ಲರಿಗೂ ಗೊತ್ತು. ನಗರದಲ್ಲಿ ಎಂಟುನೂರು ಕಿಲೋಮೀಟರ್‌ಗೂ ಹೆಚ್ಚು ಉದ್ದದ ರಾಜಕಾಲುವೆಗಳಿವೆ. ಮಳೆನೀರು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹರಿಯಲಿ ಅಂತ ಇದ್ದ ದಾರಿ ಅದು. ಅದರಲ್ಲಿ ಒಳಚರಂಡಿ ನೀರು ಸೇರಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿತ್ತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಮತ್ತೊಮ್ಮೆ. ನೀರಿಗೆ ಬೆಂಕಿ ಬೀಳೋದನ್ನು ನಮ್ಮ ತಲೆಮಾರು ಟಿವಿಯಲ್ಲಿ ನೋಡಿತು. ಅದೇ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆಲವೇ ವಾರದಲ್ಲಿ ಅಲ್ಲೂ ನೊರೆ ಕಾಣಿಸಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಬತ್ತಿದ ಕೆರೆಗೆ ನೀರು ಬಂತಲ್ಲ ಅಂತ ಖುಷಿಪಟ್ಟ ರೈತ ಒಂದು ಕಡೆ, ಇದು ಎಂಥಾ ನೀರು ಅಂತ ಕೇಳಿದ ರೈತ ಇನ್ನೊಂದು ಕಡೆ. ಇಬ್ಬರೂ ಸರಿ. ಇಬ್ಬರ ನಡುವೆ ಇರಬೇಕಾಗಿದ್ದದ್ದು ಇಬ್ಬರೂ ನಂಬುವಂಥ ಒಂದು ಅಳತೆ.

ಈಗ ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರನ್ನು ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಹರಿಸುವ ಮಾತು ನಡೀತಿದೆ. ಜೊತೆಗೆ ನಮ್ಮ ತಾಲ್ಲೂಕು ಕೇಂದ್ರಗಳೇ ಬೆಳೀತಿವೆ. ಮಣ್ಣಿನ ರಸ್ತೆ ಹೋಗಿ ಕಾಂಕ್ರೀಟ್ ಬಂತು, ಖಾಲಿ ನಿವೇಶನ ಹೋಗಿ ಕಾಂಪ್ಲೆಕ್ಸ್ ಬಂತು. ಅಳತೆಯ ಪ್ರಶ್ನೆ ಬೆಂಗಳೂರಿನಿಂದ ಹೊರಟು ನಮ್ಮ ಬಾಗಿಲಿಗೂ ಬಂದಿದೆ ಅಂತ ಅರ್ಥ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಪಟ್ಟಣದ ಬಸ್ ಸ್ಟ್ಯಾಂಡ್, ಸಂತೆ ಬೀದಿ, ಗ್ಯಾರೇಜು, ಅಂಗಡಿ ಸಾಲು ಎಲ್ಲ ಸೇರಿ 25 ಎಕರೆ ಅಂತಿಟ್ಟುಕೊಳ್ಳಿ. ಪೂರ್ತಿ ಸಿಮೆಂಟು, ಟಾರು. ಅಲ್ಲಿ 10 ಮಿಲಿಮೀಟರ್ ಮಳೆ ಬಂತು. ಇಂಗೋದಕ್ಕೆ ಜಾಗ ಇಲ್ಲ ಅಂದರೆ ಚರಂಡಿಗೆ ಇಳಿಯೋದು ಹತ್ತು ಲಕ್ಷ ಲೀಟರ್! ಹತ್ತು ಮಿಲಿಮೀಟರ್ ಅಂದರೆ ದೊಡ್ಡ ಮಳೆಯೇನೂ ಅಲ್ಲ.

ಆ ನೀರು ಸುಮ್ಮನೆ ಇಳಿಯಲ್ಲ. ರಸ್ತೆಯ ಧೂಳು, ಟೈರಿನ ಪುಡಿ, ಗ್ಯಾರೇಜಿನ ಆಯಿಲ್, ಮಾಂಸದಂಗಡಿಯ ತ್ಯಾಜ್ಯ, ದನದ ಸಗಣಿ, ಪ್ಲಾಸ್ಟಿಕ್, ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತೆ. ಇದನ್ನು ಕೆರೆಗೆ ಸೇರುವ ಮೊದಲು ಹಿಡಿದು ನಿಲ್ಲಿಸಿ, ಕೊಳೆ ಕೆಳಗೆ ಕೂರುವ ಹಾಗೆ ಮಾಡಬೇಕು. ಅದಕ್ಕೆ ಹೂಳು ಹೊಂಡ ಮಾಡ್ತಾರೆ, ಆಪು ಜೊಂಡು ಬೆಳೆಸಿದ ಜೌಗು ಕೊಳ ಮಾಡ್ತಾರೆ, ಹುಲ್ಲಿನ ಕಾಲುವೆ ಮಾಡ್ತಾರೆ, ಮರಳಿನ ಪದರದ ಮೂಲಕ ಸೋಸ್ತಾರೆ. ಇವೆಲ್ಲ ಒಳ್ಳೆಯ ಕೆಲಸವೇ. ಪ್ರಶ್ನೆ ಇರೋದು ಅದು ಕೆಲಸ ಮಾಡ್ತಾ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯೋದು ಅನ್ನೋದರಲ್ಲಿ.

ಅಳೆಯೋದು ಸರಳ ಅನಿಸುತ್ತೆ. ಒಳಗೆ ಬರುವ ನೀರು ಒಂದು ಬಾಟಲಿ, ಹೊರಗೆ ಹೋಗುವ ನೀರು ಒಂದು ಬಾಟಲಿ. ಲ್ಯಾಬ್‌ಗೆ ಕಳಿಸಿ. ನೀರಲ್ಲಿ ಕದಡಿಕೊಂಡಿರುವ ಮಣ್ಣು, ಕಸದ ಕಣಗಳಿಗೆ ಎಂಜಿನಿಯರುಗಳು ಟಿಎಸ್‌ಎಸ್ ಅಂತಾರೆ. ನೀರನ್ನು ತೂಕ ಮಾಡಿಟ್ಟ ಫಿಲ್ಟರ್ ಹಾಳೆಯಲ್ಲಿ ಸೋಸಿ, ಸುಮಾರು 105 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಕ ಮಾಡ್ತಾರೆ. ಹೆಚ್ಚಾದ ತೂಕವೇ ಕೊಳೆ. ಸಿವಿಲ್ ಓದಿದ ಪ್ರತಿ ವಿದ್ಯಾರ್ಥಿಯೂ ಲ್ಯಾಬ್‌ನಲ್ಲಿ ಮಾಡುವ ಪ್ರಯೋಗ ಇದು. ಲ್ಯಾಬ್ ಸುಳ್ಳು ಹೇಳಲ್ಲ. ಆದರೆ ಬಾಟಲಿ ಯಾವಾಗ ತುಂಬಿದಿರಿ ಅನ್ನೋದು ಲ್ಯಾಬ್‌ಗೆ ಗೊತ್ತಿರಲ್ಲ.

ಇಲ್ಲೇ ಮೊದಲ ಎಡವಟ್ಟು. ಮಳೆ ಶುರುವಾದಾಗ ಬರೋ ನೀರು ಬೇರೆ, ಕೊನೆಯಲ್ಲಿ ಬರೋ ನೀರು ಬೇರೆ. ಚಾವಣಿಯ ನೀರನ್ನು ಸಂಪಿಗೆ ಬಿಡುವವರು ಮೊದಲ ಮಳೆಯನ್ನು ಹೊರಗೆ ಬಿಟ್ಟುಬಿಡ್ತಾರೆ. ಯಾಕೆ? ತೊಳೆದ ಕೊಳೆಯೆಲ್ಲ ಅದರಲ್ಲೇ ಇರುತ್ತೆ. ರಸ್ತೆಗೂ ಅದೇ ನಿಯಮ.

ನಮ್ಮ ಹತ್ತು ಲಕ್ಷ ಲೀಟರನ್ನೇ ತಗೊಳ್ಳಿ. ಇದು ಅರ್ಥವಾಗಲಿ ಅಂತ ನಾನು ಮಾಡಿಕೊಂಡ ಲೆಕ್ಕ. ಮೊದಲು ಒಂದು ಲಕ್ಷ ಲೀಟರ್ ಬಂತು, ಲೀಟರಿಗೆ 600 ಮಿಲಿಗ್ರಾಂ ಕೊಳೆ. ಆಮೇಲೆ ನಾಲ್ಕು ಲಕ್ಷ ಲೀಟರ್, ಲೀಟರಿಗೆ 100 ಮಿಲಿಗ್ರಾಂ. ಕೊನೆಗೆ ಐದು ಲಕ್ಷ ಲೀಟರ್, ಲೀಟರಿಗೆ 40. ಈಗ ಹೇಳಿ, ಆ ಮಳೆಯ ನೀರು ಎಷ್ಟು ಕೊಳಕು? ಕೊನೆಯಲ್ಲಿ ಹೋಗಿ ಬಾಟಲಿ ತುಂಬಿಕೊಂಡವರು 40 ಅಂತಾರೆ. ಮೂರು ಹೊತ್ತಲ್ಲಿ ಮೂರು ಬಾಟಲಿ ಹಿಡಿದು ಕೂಡಿ ಭಾಗಿಸಿದವರು 247 ಅಂತಾರೆ. ನಿಜವಾದ ಉತ್ತರ ಎರಡೂ ಅಲ್ಲ. ಮೊದಲ ನೀರಿನಲ್ಲಿ ಬಂದ ಕೊಳೆ 60 ಕೆಜಿ, ಎರಡನೆಯದರಲ್ಲಿ 40 ಕೆಜಿ, ಮೂರನೆಯದರಲ್ಲಿ 20 ಕೆಜಿ. ಒಟ್ಟು 120 ಕೆಜಿ. ಹತ್ತು ಲಕ್ಷ ಲೀಟರಿಗೆ ಹಂಚಿದರೆ ಲೀಟರಿಗೆ 120 ಮಿಲಿಗ್ರಾಂ. ಒಂದೇ ಮಳೆ, ಒಂದೇ ಚರಂಡಿ, ಮೂರು ಉತ್ತರ!

ಡೈರಿಗೆ ಹಾಲು ಹಾಕೋರಿಗೆ ಇದನ್ನು ವಿವರಿಸೋದೇ ಬೇಡ. ಬೆಳಗ್ಗೆ 10 ಲೀಟರ್ ಹಾಲು, ಫ್ಯಾಟ್ 3.5. ಸಂಜೆ 2 ಲೀಟರ್, ಫ್ಯಾಟ್ 5. ದಿನದ ಸರಾಸರಿ ಫ್ಯಾಟ್ 4.25 ಅಂತ ಯಾರಾದರೂ ಅಂದರೆ ಡೈರಿ ಕಾರ್ಯದರ್ಶಿ ನಗ್ತಾನೆ. ಲೀಟರ್ ಲೆಕ್ಕ ಹಾಕಿ ನೋಡಿದರೆ ಅದು 3.75. ಹಾಲಿಗೆ ಇರುವ ಈ ಶಿಸ್ತು ಚರಂಡಿ ನೀರಿಗೂ ಬೇಕು. ಕೊಳೆಯ ಜೊತೆಗೆ ನೀರಿನ ಪ್ರಮಾಣವನ್ನೂ ಅಳೆಯಬೇಕು. ಹರಿವನ್ನು ನೋಡಿಕೊಂಡು, ಇಷ್ಟು ಸಾವಿರ ಲೀಟರ್ ಹೋದಾಗಲೆಲ್ಲ ಒಂದು ಬಾಟಲಿ ಅಂತ ಹಿಡಿಯಬೇಕು. ಇದನ್ನು ‘ಈವೆಂಟ್ ಮೀನ್ ಕಾನ್ಸಂಟ್ರೇಷನ್’ ಅಂತಾರೆ, ಅಂದರೆ ಇಡೀ ಒಂದು ಮಳೆಯ ಸರಾಸರಿ ಕೊಳೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1979ರಿಂದ 1983ರವರೆಗೆ ದೇಶದ 28 ಕಡೆ ನಗರದ ಮಳೆನೀರನ್ನು ಅಳೆದಾಗ ಆಧಾರವಾಗಿ ಇಟ್ಟುಕೊಂಡದ್ದು ಇದನ್ನೇ. ಎರಡು ಸಾವಿರಕ್ಕೂ ಹೆಚ್ಚು ಮಳೆಗಳ ಲೆಕ್ಕ ತೆಗೆದರು. ಒಂದು ಬಾಟಲಿ ಹಿಡಿದುಕೊಂಡು ಬಂದು ‘ಶುದ್ಧವಾಗಿದೆ’ ಅನ್ನಲಿಲ್ಲ.

ನಮ್ಮಲ್ಲಿ ಏನಾಗ್ತಿದೆ? ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಎ ಇಂದ ಇ ವರೆಗೆ ದರ್ಜೆ ಕೊಡುತ್ತೆ. ಹೆಚ್ಚಿನ ಕೆರೆಗಳಿಗೆ ಸಿಗೋದು ಡಿ ಅಥವಾ ಇ. ಡಿ ಅಂದರೆ ಮೀನು, ವನ್ಯಜೀವಿಗಳಿಗೆ ಆಗುತ್ತೆ. ಇ ಅಂದರೆ ಕೃಷಿಗೆ ಸಾಕು. ಇದು ಬೇಕಾದ ಕೆಲಸವೇ. ಕೆರೆಯ ಆರೋಗ್ಯ ಹೇಗಿದೆ ಅಂತ ಅದು ಹೇಳುತ್ತೆ. ಆದರೆ ಕೆರೆಗೆ ಮೊದಲು ಕಟ್ಟಿದ ಹೂಳು ಹೊಂಡ ಮೊನ್ನೆ ರಾತ್ರಿಯ ಮಳೆಯಲ್ಲಿ ಎಷ್ಟು ಕೊಳೆ ಹಿಡಿಯಿತು ಅಂತ ಅದು ಹೇಳಲ್ಲ. ತಿಂಗಳಿಗೊಮ್ಮೆ ಬಿಪಿ ನೋಡಿದರೆ ಹಾರ್ಟ್ ಅಟ್ಯಾಕ್ ಆದ ರಾತ್ರಿ ಏನಾಯಿತು ಅಂತ ಗೊತ್ತಾಗುತ್ತಾ?

ಎರಡನೇ ಎಡವಟ್ಟು ಶೇಕಡಾವಾರಿನಲ್ಲೇ ಇದೆ. ಎರಡು ಹೊಂಡ ಇದೆ ಅಂತಿಟ್ಟುಕೊಳ್ಳಿ. ಮೊದಲ ಹೊಂಡಕ್ಕೆ ಬರೋ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಕೊಳೆ, ಹೊರಗೆ ಹೋಗೋದು 100. ಶೇ 80 ಶುದ್ಧ. ಎರಡನೇ ಹೊಂಡಕ್ಕೆ ಬರೋದು 40, ಹೋಗೋದು 20. ಶೇ 50 ಮಾತ್ರ. ಟೆಂಡರ್ ಯಾರಿಗೆ ಸಿಗುತ್ತೆ? ಎಂಬತ್ತಕ್ಕೆ. ಆದರೆ ನಿಮ್ಮ ಊರಿನ ಕೆರೆಗೆ ಯಾವ ನೀರು ಬಿಡ್ತೀರಿ? ಐವತ್ತರದ್ದು ತಾನೇ? ಅದು ಐದು ಪಟ್ಟು ಸ್ವಚ್ಛ.

ರಾಗಿ ಕೇರೋ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಕಣದಿಂದ ಬಂದ ರಾಗಿಯನ್ನು ಮೊರದಲ್ಲಿ ಹಾಕಿ ಕೇರಿದರೆ ಹೊಟ್ಟು, ದೂಳು ರಾಶಿರಾಶಿ ಹೋಗುತ್ತೆ. ಎರಡನೇ ಸಲ ಕೇರಿದರೆ ಸ್ವಲ್ಪ ಹೋಗುತ್ತೆ. ಮೂರನೇ ಸಲಕ್ಕೆ ಏನೂ ಹೋಗಲ್ಲ. ಮೊರ ಕೆಟ್ಟುಹೋಯಿತು ಅಂತಲ್ಲ, ರಾಗಿ ಸ್ವಚ್ಛವಾಯಿತು ಅಂತ. ನೀರೂ ಹಾಗೇ. ಒಂದು ಮಟ್ಟಕ್ಕಿಂತ ಕೆಳಗೆ ಇಳಿಸೋದು ಹೊಂಡದ ಕೈಯಲ್ಲಿ ಆಗಲ್ಲ. ಹಾಗಾಗಿ ಕೊಳಕು ನೀರು ಕೊಟ್ಟರೆ ಹೊಂಡಕ್ಕೆ ಒಳ್ಳೆ ಮಾರ್ಕ್ಸು, ಸ್ವಚ್ಛ ನೀರು ಕೊಟ್ಟರೆ ಕೆಟ್ಟ ಮಾರ್ಕ್ಸು. ಇದು ಎಂಥಾ ಪರೀಕ್ಷೆ ಸ್ವಾಮಿ? ಇದರಲ್ಲಿ ಮೋಸಕ್ಕೂ ದಾರಿಯಿದೆ. ಪರೀಕ್ಷೆಯ ದಿನ ಒಳಹರಿವು ಕದಡಿದ್ದಷ್ಟೂ ರಿಪೋರ್ಟ್ ಚೆನ್ನಾಗಿ ಬರುತ್ತೆ!

ಇದನ್ನು ಅಮೆರಿಕದವರು ಬೇಗ ಕಂಡುಕೊಂಡರು. 1990ರ ದಶಕದಲ್ಲಿ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಘ ಮತ್ತು ಪರಿಸರ ಸಂರಕ್ಷಣಾ ಸಂಸ್ಥೆ ಸೇರಿ, ಇಂಥ ಹೊಂಡ, ಜೌಗು ಕೊಳ, ಸೋಸುವ ಪದರಗಳ ಅಳತೆಗಳನ್ನೆಲ್ಲ ಒಂದೇ ಕಡೆ ಕೂಡಿಡಲು ಶುರುಮಾಡಿದವು. ಆ ದತ್ತಸಂಚಯ ನಡೆಸುವವರು ಶೇಕಡಾವಾರನ್ನು ಅಳತೆಗೋಲಾಗಿ ಇಟ್ಟುಕೊಳ್ಳೋದೇ ಬೇಡ ಅಂದರು. ಒಳಗೆ ಬಂದ ನೀರು ಹೇಗಿತ್ತು, ಹೊರಗೆ ಹೋದದ್ದು ಹೇಗಿದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ ಅನ್ನೋದು ಅವರ ವಾದ. ವಾಷಿಂಗ್ಟನ್ ರಾಜ್ಯ ಇನ್ನೂ ಒಂದು ಜಾಣತನದ ನಿಯಮ ಮಾಡಿದೆ. ಬರುವ ನೀರಿನಲ್ಲಿ ಕದಡಿದ ಕಣ ಲೀಟರಿಗೆ 100ರಿಂದ 200 ಮಿಲಿಗ್ರಾಂ ಇದ್ದರೆ ಶೇ 80 ತೆಗೆಯಲೇಬೇಕು. 100ಕ್ಕಿಂತ ಕಡಿಮೆ ಇದ್ದರೆ ಶೇಕಡಾವಾರು ಕೇಳಲ್ಲ, ಹೊರಗೆ ಹೋಗುವ ನೀರಿನಲ್ಲಿ 20 ಮಿಲಿಗ್ರಾಂ ದಾಟಬಾರದು ಅಷ್ಟೆ. ಅದೂ ಒಂದು ಮಳೆಯಲ್ಲಿ ಪಾಸಾದರೆ ಸಾಲದು. ಕನಿಷ್ಠ 12 ಮಳೆಯ ಲೆಕ್ಕ ಕೊಡಬೇಕು.

ಮೂರನೆಯದು ಕೋಡಿ. ಕೆರೆಗೆ ತೂಬು ಇದೆ, ಕೋಡಿಯೂ ಇದೆ. ತೂಬಿನಿಂದ ನಮ್ಮ ಲೆಕ್ಕಕ್ಕೆ ನೀರು ಹೋಗುತ್ತೆ, ಕೋಡಿಯಿಂದ ತನ್ನ ಪಾಡಿಗೆ ಹೋಗುತ್ತೆ. ಮಳೆನೀರಿನ ಹೊಂಡಕ್ಕೂ ಒಂದು ಕೋಡಿ ಇರುತ್ತೆ. ಇರಲೇಬೇಕು, ಇಲ್ಲದಿದ್ದರೆ ಬೀದಿಗೆ ನೀರು ನುಗ್ಗುತ್ತೆ. ಆದರೆ ವರದಿ ಬರೆಯುವಾಗ ಕೋಡಿಯ ನೀರನ್ನು ಮರೆತುಬಿಡ್ತಾರೆ. ನಮ್ಮದೇ ಹತ್ತು ಲಕ್ಷ ಲೀಟರ್, 120 ಕೆಜಿ ಕೊಳೆ. ಸುಲಭವಾಗಲಿ ಅಂತ ಕೊಳೆ ಎಲ್ಲ ನೀರಲ್ಲೂ ಸಮನಾಗಿದೆ ಅಂದುಕೊಳ್ಳಿ. ಹೊಂಡಕ್ಕೆ ಹಿಡಿಸಿದ್ದು ಆರು ಲಕ್ಷ ಲೀಟರ್ ಮಾತ್ರ. ಅದರಲ್ಲಿದ್ದ 72 ಕೆಜಿಯಲ್ಲಿ ಶೇ 80 ಹಿಡಿಯಿತು, ಸುಮಾರು 14 ಕೆಜಿ ಹೊರಗೆ ಹೋಯಿತು. ಉಳಿದ ನಾಲ್ಕು ಲಕ್ಷ ಲೀಟರ್ ಕೋಡಿ ಬಿತ್ತು, 48 ಕೆಜಿ ಕೊಳೆಯನ್ನು ಹೊತ್ತುಕೊಂಡು ನೇರ ಕೆರೆಗೆ ಹೋಯಿತು. ಕೆರೆಗೆ ಸೇರಿದ್ದು ಒಟ್ಟು 62 ಕೆಜಿ. ಬೋರ್ಡಿನ ಮೇಲೆ ಶೇ 80. ಕೆರೆಯ ಪಾಲಿಗೆ ಶೇ 48!

ಹಲವು ಮಳೆಗಳ ಸರಾಸರಿಯಲ್ಲೂ ಇದೇ ಆಟ. ಎರಡು ಸಣ್ಣ ಮಳೆಯಲ್ಲಿ ತಲಾ 10 ಕೆಜಿ ಕೊಳೆ ಬಂತು, ತಲಾ 9 ಕೆಜಿ ಹಿಡಿದೆವು. ಶೇ 90, ಶೇ 90. ಮೂರನೆಯದು ಜೋರು ಮಳೆ, 180 ಕೆಜಿ ಬಂತು, 54 ಕೆಜಿ ಮಾತ್ರ ಹಿಡಿದೆವು. ಶೇ 30. ಮೂರೂ ಕೂಡಿ ಭಾಗಿಸಿದರೆ ಶೇ 70, ಫೈಲ್ ಪಾಸ್. ಕೆಜಿ ಲೆಕ್ಕ ಹಾಕಿ. ಬಂದದ್ದು 200, ಹಿಡಿದದ್ದು 72. ಅಂದರೆ ಶೇ 36. ನಮ್ಮ ಕಡೆಗೆ ಇದು ಬಹಳ ಮುಖ್ಯ. ನಮ್ಮ ಮಳೆ ಹದವಾಗಿ ದಿನಾ ಬೀಳುವ ಮಲೆನಾಡಿನ ಮಳೆ ಅಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಾಲ್ಕೈದು ಸಲ ಸುರಿದು ಕೆರೆ ತುಂಬಿಸಿ ಹೋಗುವ ಮಳೆ. ಸೋನೆ ಮಳೆಯಲ್ಲಿ ಪಾಸಾಗಿ ಈ ದೊಡ್ಡ ಮಳೆಯಲ್ಲಿ ಫೇಲಾಗುವ ಹೊಂಡದಿಂದ ನಮಗೇನು ಪ್ರಯೋಜನ?

ನಾಲ್ಕನೆಯದು, ಯಾವ ಕೊಳೆ? ಮಣ್ಣು ಕೆಳಗೆ ಕೂರುತ್ತೆ, ಸರಿ. ಮಣ್ಣಿಗೆ ಅಂಟಿಕೊಂಡ ಸೀಸ, ಸತುವಿನಂಥ ಲೋಹಗಳೂ ಒಂದಷ್ಟು ಕೂರುತ್ತವೆ. ಆದರೆ ನೀರಲ್ಲಿ ಕರಗಿದ ನೈಟ್ರೇಟ್ ಕೂರಲ್ಲ. ಉಪ್ಪು ಕೂರಲ್ಲ. ಸೋಪಿನ ಅಂಶ ಸುಲಭಕ್ಕೆ ಕೂರಲ್ಲ. ರಂಜಕ ಅರ್ಧ ಮಣ್ಣಿನ ಜೊತೆ, ಅರ್ಧ ನೀರಿನ ಜೊತೆ. ಹಿಡಿದಿಟ್ಟ ರಂಜಕವನ್ನು ಜೌಗು ಕೊಳ ಕೆಲವು ಕಾಲದಲ್ಲಿ ವಾಪಸ್ ಬಿಟ್ಟುಬಿಡುತ್ತೆ. ಜೊಂಡು ಒಣಗಿ ಕೊಳೆತಾಗ, ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲದಾಗ ಹೀಗಾಗುತ್ತೆ. ಆಗ ಬಂದದ್ದಕ್ಕಿಂತ ಹೆಚ್ಚು ಕೊಳೆ ಹೊರಗೆ ಹೋಗುತ್ತೆ, ಮಾರ್ಕ್ಸು ಮೈನಸ್! ಹಾಗಾಗಿ ‘ಮಾಲಿನ್ಯ ಶೇ 80 ಕಡಿಮೆಯಾಗಿದೆ’ ಅನ್ನೋ ವಾಕ್ಯವೇ ಅಪೂರ್ಣ. ಯಾವುದು ಕಡಿಮೆಯಾಗಿದೆ ಅಂತ ಹೆಸರು ಹಿಡಿದು ಹೇಳಬೇಕು. ತಿಳಿಯಾದ ನೀರು ಅಂದ ಮಾತ್ರಕ್ಕೆ ಒಳ್ಳೆಯ ನೀರಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಹಾಳು ಮಾಡಿಕೊಂಡ ಪಾವಗಡದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆ ನೀರೂ ತಿಳಿಯಾಗೇ ಇತ್ತು.

ಐದನೆಯದು, ತೆಗೆದ ಕೊಳೆ ಎಲ್ಲಿಗೆ ಹೋಯಿತು? ಹತ್ತು ಲಕ್ಷ ಲೀಟರ್ ನೀರು ಹೊಂಡಕ್ಕೆ ಬಂತು, ಐದು ಲಕ್ಷ ಲೀಟರ್ ಅಲ್ಲೇ ಇಂಗಿತು, ಐದು ಲಕ್ಷ ಹೊರಗೆ ಹೋಯಿತು. ಬಾಟಲಿಯಲ್ಲಿ ನೋಡಿದರೆ ಎರಡೂ ಕಡೆ ಲೀಟರಿಗೆ 100 ಮಿಲಿಗ್ರಾಂ. ಅಂದರೆ ಶುದ್ಧಿ ಸೊನ್ನೆ. ಕೆಜಿಯಲ್ಲಿ ನೋಡಿದರೆ ಕೆರೆಗೆ ಹೋಗುವ ಕೊಳೆ ಅರ್ಧ ಆಯಿತು. ಇಲ್ಲಿ ಹೊಂಡಕ್ಕೆ ನ್ಯಾಯ ಸಿಗಬೇಕು, ಅದು ಕೆಲಸ ಮಾಡಿದೆ. ಆದರೆ ಉಳಿದರ್ಧ ಏನಾಯಿತು? ಮಣ್ಣಿನ ಕಣ ತಳದಲ್ಲಿ ಉಳಿಯಿತು. ಕರಗಿದ್ದು ನೆಲಕ್ಕಿಳಿಯಿತು. ಬೋರ್‌ವೆಲ್ ನಂಬಿದ ಊರಿನಲ್ಲಿ ನೆಲಕ್ಕಿಳಿದದ್ದು ಕಾಣೆಯಾಗಲ್ಲ. ಹೊಂಡದ ಪಕ್ಕದ ಬಾವಿ, ಬೋರ್‌ವೆಲ್ ನೀರನ್ನೂ ಪರೀಕ್ಷಿಸದ ಅಳತೆ ನಮಗೆ ಅರ್ಧ ಅಳತೆ.

ತಳದಲ್ಲಿ ಉಳಿದ ಹೂಳಿನ ಕಥೆಯೂ ಇದೆ. ಹಿಂದೆ ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೀತಿದ್ದರು. ಮೇಲಿನ ಕಟ್ಟೆ ಹೂಳು ಹಿಡಿಯುತ್ತಿತ್ತು, ಕೆಳಗಿನ ಕೆರೆಗೆ ತಿಳಿನೀರು ಹೋಗುತ್ತಿತ್ತು, ಹೂಳು ಗೊಬ್ಬರವಾಗುತ್ತಿತ್ತು. ಸರಪಳಿ ಕೆರೆಗಳ ವ್ಯವಸ್ಥೆಯೇ ಒಂದು ದೊಡ್ಡ ಸೋಸುವ ಯಂತ್ರ. ಪಟ್ಟಣದ ಹೂಳು ಹೊಂಡವನ್ನೂ ಹೀಗೆ ಬರಿದು ಮಾಡದಿದ್ದರೆ ಎರಡನೇ ವರ್ಷ ಅದು ತುಂಬುತ್ತೆ, ಮೂರನೇ ವರ್ಷದ ಜೋರು ಮಳೆ ಹಳೇ ಹೂಳನ್ನೇ ಕದಡಿಕೊಂಡು ಹೋಗುತ್ತೆ. ಹಾಗಾಗಿ ಉದ್ಘಾಟನೆಯ ವರ್ಷದ ಅಳತೆ ಸಾಲದು. ಇನ್ನೊಂದು ಮಾತು. ಗ್ಯಾರೇಜು ಸಾಲಿನ ಹೂಳನ್ನು ಪರೀಕ್ಷೆ ಮಾಡದೆ ಹೊಲಕ್ಕೆ ಹೊಡೆಯಬೇಡಿ. ಅದು ಅಜ್ಜನ ಕಾಲದ ಗೋಡು ಅಲ್ಲ.

ಹಾಗಾದರೆ ನಮ್ಮ ರಾಜ್ಯದಲ್ಲಿ ಯಾರೂ ಸರಿಯಾಗಿ ಅಳೆದಿಲ್ಲವಾ? ಅಳೆದಿದ್ದಾರೆ. ಬೆಂಗಳೂರಿನ ಜಕ್ಕೂರು ಕೆರೆ ನೋಡಿ. ಅಲ್ಲಿ ಜಲಮಂಡಳಿಯ ಸಂಸ್ಕರಣಾ ಘಟಕದಿಂದ ಬಂದ ನೀರು ನೇರ ಕೆರೆಗೆ ಬೀಳಲ್ಲ. ಮೊದಲು ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನಕ್ಕೆ ಹರಿದು ಆಮೇಲೆ ಕೆರೆ ಸೇರುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಘಟಕದ ನೀರು, ಜೌಗು ದಾಟಿದ ನೀರು, ಕೆರೆಯಿಂದ ಹೊರಗೆ ಹೋಗುವ ನೀರು ಅಂತ ಹಂತಹಂತವಾಗಿ ಪರೀಕ್ಷೆ ಮಾಡಿತು. ಯಾವ ಹಂತ ಏನು ಮಾಡ್ತಿದೆ ಅಂತ ಗೊತ್ತಾಗಬೇಕಾದರೆ ಹೀಗೆ ಪ್ರತಿ ಹೊಸ್ತಿಲಲ್ಲೂ ನಿಂತು ನೋಡಬೇಕು. ಜಕ್ಕೂರು ಹೇಳುವ ಇನ್ನೊಂದು ಪಾಠ, ನಮ್ಮ ದೇಶದಲ್ಲಿ ಮಳೆನೀರಿನ ಕಾಲುವೆಯಲ್ಲಿ ಮಳೆ ಇಲ್ಲದ ದಿನವೂ ನೀರು ಹರಿಯುತ್ತೆ. ಅದು ಒಳಚರಂಡಿಯ ನೀರು. ಹಾಗಾಗಿ ಒಣದಿನದ ಹರಿವನ್ನು ಬೇರೆ, ಮಳೆದಿನದ ಹರಿವನ್ನು ಬೇರೆ ಅಳೆಯಬೇಕು. ಎರಡನ್ನೂ ಕಲಸಿದರೆ ಹೊಂಡದ ತಪ್ಪು ಯಾವುದು, ಒಳಚರಂಡಿಯ ತಪ್ಪು ಯಾವುದು ಅಂತ ಗೊತ್ತೇ ಆಗಲ್ಲ. ಎರಡು ಇಲಾಖೆ ಒಬ್ಬರ ಮೇಲೊಬ್ಬರು ಬೆರಳು ತೋರಿಸೋದಕ್ಕೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ?

‘ಇಷ್ಟೆಲ್ಲ ಅಳೆಯೋಕೆ ದುಡ್ಡು ಎಲ್ಲಿದೆ?’ ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ತಾನೇ ಬಾಟಲಿ ತುಂಬುವ ಯಂತ್ರ ದುಬಾರಿ, ಪುರಸಭೆಗೆ ಭಾರವೇ. ಆದರೆ ಎಲ್ಲವೂ ದುಬಾರಿ ಅಲ್ಲ. ಹರಿವು ಅಳೆಯೋಕೆ ಚರಂಡಿಗೆ ಅಡ್ಡ ಒಂದು ತಗಡು, ಅದರಲ್ಲಿ ಇಂಗ್ಲಿಷ್‌ನ ‘ವಿ’ ಆಕಾರದ ಕಚ್ಚು, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಸಾಕು. ಕಚ್ಚಿನಲ್ಲಿ ನೀರಿನ ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟು ದಾಟುತ್ತೆ. ಎತ್ತರ ಓದಿದರೆ ಲೀಟರ್ ಸಿಗುತ್ತೆ. ಮಳೆಯ ಲೆಕ್ಕ ಆಗಲೇ ನಮ್ಮ ಹತ್ತಿರ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತೆ. ಇಷ್ಟು ಮಾಡಿರುವ ರಾಜ್ಯ ನಮ್ಮದು! ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲ್ಯಾಬ್ ಇದೆ, ಪ್ರಾಜೆಕ್ಟ್ ಹುಡುಕುವ ವಿದ್ಯಾರ್ಥಿಗಳಿದ್ದಾರೆ. ಒಂದು ಚರಂಡಿ, ಒಂದು ಹೊಂಡ, ಒಂದು ಮಳೆಗಾಲ. ಹತ್ತು ಹನ್ನೆರಡು ಮಳೆ. ಅಲ್ಲಿಂದ ಶುರುಮಾಡಬಹುದು. ಕೋಟಿಗಟ್ಟಲೆ ಸುರಿದು ಕಟ್ಟಿದ್ದು ಕೆಲಸ ಮಾಡುತ್ತಾ ಅಂತ ನೋಡೋಕೆ ಕೋಟಿಯಲ್ಲಿ ಒಂದು ಪಾಲು ಇಡದಿರೋದು ಉಳಿತಾಯ ಅಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಹದೇವಪುರದ ಕಡೆ ಬಡಾವಣೆಗಳು ಮುಳುಗಿದವು, ಟ್ರ್ಯಾಕ್ಟರ್ ಹತ್ತಿ ಜನ ಆಫೀಸಿಗೆ ಹೋದರು. ಆಗ ದೇಶವೇ ಕೇಳಿದ್ದು ನೀರು ಎಷ್ಟು ಅಡಿ ನಿಂತಿದೆ ಅಂತ. ನೀರು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ನೀರಿನಲ್ಲಿ ಏನಿತ್ತು, ಅದು ಈಗ ಯಾರ ಕೆರೆಯಲ್ಲಿದೆ? ನೀರು ಇಳಿದರೆ ಸುದ್ದಿ ಮುಗಿಯುತ್ತೆ, ನೀರಿನ ಪ್ರಯಾಣ ಮುಗಿಯಲ್ಲ. ಮೇಲಿನ ಊರಿನ ಪ್ರವಾಹ ಕೆಳಗಿನ ಊರಿನ ಕುಡಿಯುವ ನೀರು.

ನಿಮ್ಮ ಪಟ್ಟಣಕ್ಕೆ ಇಂಥ ಯೋಜನೆ ಬಂದರೆ ಬೇಡ ಅನ್ನಬೇಡಿ. ಬರಲಿ. ಆದರೆ ವಾರ್ಡ್ ಸಭೆಯಲ್ಲಿ, ಪುರಸಭೆಯಲ್ಲಿ, ಶಾಸಕರ ಮುಂದೆ ಐದು ಪ್ರಶ್ನೆ ಕೇಳಿ. ಇಡೀ ಮಳೆಯನ್ನು ಅಳೆದಿದ್ದೀರಾ, ಒಂದು ಬಾಟಲಿಯನ್ನಾ? ಹೊರಗೆ ಹೋಗುವ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಉಳಿದಿದೆ? ಕೋಡಿ ಬಿದ್ದ ನೀರು ಲೆಕ್ಕದಲ್ಲಿದೆಯಾ? ಯಾವ ಕೊಳೆ, ಹೆಸರು ಹೇಳಿ. ತೆಗೆದ ಹೂಳು ಎಲ್ಲಿದೆ, ಪಕ್ಕದ ಬೋರ್‌ವೆಲ್ ಹೇಗಿದೆ?

ಈ ಐದಕ್ಕೂ ಉತ್ತರ ಇಟ್ಟುಕೊಂಡು ಬಂದವರು ಶೇ 50 ಅಂದರೂ ನಾನು ನಂಬ್ತೀನಿ. ಉತ್ತರವೇ ಇಲ್ಲದವರು ಶೇ 99 ಅಂದರೂ, ಆ ನೀರನ್ನು ನಮ್ಮ ಕೆರೆಗೆ ಬಿಡುವ ಮೊದಲು ಇನ್ನೊಮ್ಮೆ ಅಳೆಯಿರಿ ಅಂತೀನಿ.